ಹೊಳೆ ದಾಟಿದ ಮೇಲೆ ಎಂಟು

ಐದನೇ ಮೈನ್, ಚಾಮರಾಜಪೇಟೆ
ಕಾರ್ತಿಕದ ಕಡೇ ಸೋಮವಾರ, 17-11-2025

ಪ್ರೀತಿಯ ಶರಣ್ಯಾ,

ಸಾವನದುರ್ಗದ ಬುಡದಿಂದ ಸಂಗಮದ ಮರಳಿನವರೆಗಿನ ಕಾಡುದಾರಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ, ಎದುರಾದ ಆನೆಯೂ ಮೊದಲು ಪಕ್ಕಕ್ಕೆ ಸರಿದು ಆಮೇಲೆ ಸೊಂಡಿಲೆತ್ತುವಷ್ಟು ಮರ್ಯಾದೆ ಸಂಪಾದಿಸಿರುವ, ತನ್ನ ಹಿಂದೆ ಬಂದವರಲ್ಲಿ ಇವತ್ತಿನವರೆಗೆ ಒಂದೇ ಒಂದು ತಲೆಯನ್ನೂ ಕಳೆದುಕೊಳ್ಳದ ಭೂಮಂಡಲದ ಏಕೈಕ ಅಕ್ಕಿ ವ್ಯಾಪಾರಿ, ನಿನ್ನ ಸೋದರಮಾವ ಗಂಗಾಧರಯ್ಯ ಬರೆಯುತ್ತಿರುವ ಕಾಗದ ಇದು. ನಗಬೇಡ. ಅರವತ್ತೊಂದು ತುಂಬಿದವನು ಸೈಕಲ್ ಏರಿ ಗುಡ್ಡ ಹತ್ತುವುದು ನಗೆಯ ವಿಷಯವಲ್ಲ. ಇಳಿಯುವುದು ಮಾತ್ರ ಸ್ವಲ್ಪ ನಗೆಯ ವಿಷಯ, ಅದನ್ನು ಒಪ್ಪುತ್ತೇನೆ.

ನೀನು ಹೇಗಿದ್ದೀಯ? ಬೀದರಿನಲ್ಲಿ ಈಗಲೇ ಚಳಿ ಮೂಳೆಗೆ ಇಳಿಯುತ್ತದಂತೆ, ಕಿವಿಗೆ ಏನಾದರೂ ಕಟ್ಟಿಕೊಂಡು ಬ್ಯಾಂಕಿಗೆ ಹೋಗು. ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ನಿನ್ನ ಅಮ್ಮ ಕೇಳಿದಾಗ ಹೇಳುವ ಉತ್ತರ ನನಗೆ ಬೇಡ, ನಿಜವಾದದ್ದು ಬರಿ. ಇಲ್ಲಿ ನನ್ನ ಮಂಡಿ, ರಕ್ತದೊತ್ತಡ, ಅಕ್ಕಿಪೇಟೆಯ ಅಂಗಡಿ, ಮೂರೂ ನಡೆದುಕೊಂಡು ಹೋಗುತ್ತಿವೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಪಕ್ಕದ ಮನೆ ಸುಬ್ಬಮ್ಮನ ಜೊತೆ ಜಗಳವನ್ನೂ ಮತ್ತೆ ಶುರು ಮಾಡಿದ್ದಾಳೆ. ನನ್ನ ಅಕ್ಕ ಚೆನ್ನಾಗಿದ್ದಾಳೆ ಎಂಬುದೇ ಈ ಕಾಗದದ ಕಷ್ಟ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಸೈಕಲ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನೀನು "ಮಾವ, ಸಿಗ್ನಲ್ ಸಿಕ್ತಿಲ್ಲ, ಆಮೇಲೆ ಮಾಡ್ತೀನಿ" ಅಂತೀಯ. ಬೀದರಿನ ಟವರಿಗೂ ಸೈಕಲ್ಲಿಗೂ ಅದೇನು ಹಗೆಯೋ ಬಸವಣ್ಣನೇ ಬಲ್ಲ. ಸಾಲದ್ದಕ್ಕೆ ಅಕ್ಕ ಫೋನಿನ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರುತ್ತಾಳೆ. ಅವಳ ಕಿವಿಗೆ ಬೀಳಬಾರದ ಮಾತು ಇದರಲ್ಲಿದೆ. ಅದಕ್ಕೇ ಅಂಗಡಿಯಲ್ಲಿ ಮೂಟೆಗಳ ನಡುವೆ ಕೂತು, ನಮ್ಮೂರ ಶಾಲೆಯ ಮೇಷ್ಟ್ರು ಹೊಡೆದು ತಿದ್ದಿಸಿದ ಗುಂಡು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಿನ್ನ ತಮ್ಮ ಕೈಲಾಸ ನಮ್ಮನ್ನು ಬಿಟ್ಟು ಹೋಗಿ ಈ ಶ್ರಾವಣಕ್ಕೆ ಎರಡು ವರ್ಷವಾಯಿತು. ಅವನಿಗೆ ಕಾಡಿನಲ್ಲಿ ಏನೂ ಆಗಲಿಲ್ಲ. ಲಾರಿ ಬಸ್ಸುಗಳ ಕಾಟವೇ ಬೇಡವೆಂದು ಗರಸುದಾರಿ, ಬಂಡಿಜಾಡು, ಹೊಳೆದಂಡೆ ಹುಡುಕಿಕೊಂಡು ಹೋದ ಹುಡುಗ ಅವನು. ಆಗಿದ್ದು ಮನೆಗೆ ವಾಪಸು ಬರುವಾಗ, ಮೈಸೂರು ರಸ್ತೆಯಲ್ಲಿ, ನೀರಿನ ಟ್ಯಾಂಕರಿನಿಂದ. ಅವತ್ತು ನಿನ್ನ ಸೈಕಲ್ಲು ಮುಂದೆ ಇತ್ತು, ಅವನದು ಹಿಂದೆ. ಮನೆ ತಲುಪಿ, ಕಾಫಿಗೆ ಇಟ್ಟು, ಅವನ ಲೋಟವನ್ನೂ ತೊಳೆದು ಇಟ್ಟಿದ್ದೆ. ಆ ಲೋಟ ಈಗಲೂ ಬೋರಲಾಗಿಯೇ ಇದೆ, ಅಕ್ಕ ತೆಗೆಯಲು ಬಿಡುವುದಿಲ್ಲ.

ನೀನು ಬೀದರಿಗೆ ಹೋದ ಮೇಲೆ ನಿಮ್ಮ ಸೈಕಲ್ ಗುಂಪಿನವರು ಮೈಸೂರು ರಸ್ತೆಗೆ ಚಕ್ರ ಇಡಲು ಹೆದರಿದರು. ಆಗ ಗುಂಪಿನ ಲೋಹಿತ್ ಅಂಗಡಿಗೆ ಬಂದು, "ಅಂಕಲ್, ಭಾನುವಾರ ನಿಮ್ಮ ಅಕ್ಕಿ ಟೆಂಪೋ ಸುಮ್ನೆ ನಿಂತಿರುತ್ತಲ್ಲ, ಊರಾಚೆ ತನಕ ಬಿಟ್ಬಿಡಿ" ಎಂದ. ಬಿಟ್ಟೆ. ಅವರು ಸೈಕಲ್ ಏರಿ ಮರೆಯಾದ ಮೇಲೆ ಟೆಂಪೋದಲ್ಲಿ ಒಬ್ಬನೇ ಕೂತು ನೊಣ ಹೊಡೆಯುವುದು ಎಷ್ಟು ವಾರ? ನಾನೂ ಒಂದು ಹಳೆಯ ದಪ್ಪ ಟೈರಿನ ಗ್ರಾವೆಲ್ ಸೈಕಲ್ ಕೊಂಡೆ. ನಿನ್ನದನ್ನು ಮುಟ್ಟಿಲ್ಲ. ಅದು ಗೋದಾಮಿನ ತೊಲೆಗೆ ನೀನು ನೇತುಹಾಕಿದ ಹಾಗೆಯೇ ಇದೆ, ಶನಿವಾರ ಶನಿವಾರ ಗಾಳಿ ಮಾತ್ರ ಹೊಡೆಯುತ್ತೇನೆ. ಮೂರನೆಯ ವಾರಕ್ಕೆಲ್ಲ ನಾನೇ ಗುಂಪಿನ ಮುಖಂಡ. ಯಾರೂ ಮಾಡಲಿಲ್ಲ, ನಾನೇ ಆದೆ. ಒಟ್ಟು ಏಳು ಜನ. ಆರು ಜನ ಹಾಗೂ ಅವರ ನಾಯಕ.

ದಾರಿಗಳು ಮಾತ್ರ ಕೈಲಾಸನವೇ. ಫೋನಿನ ನಕ್ಷೆಯಲ್ಲಿ ಅವನು ಎಳೆದಿಟ್ಟು ಹೋದ ಗೆರೆಗಳು ಲೋಹಿತನ ಬಳಿ ಇವೆ. ಮಂಚನಬೆಲೆ ಹಿನ್ನೀರಿನ ಸುತ್ತ ಒಂದು, ಸಾವನದುರ್ಗದ ಕಾಡಂಚಿನಲ್ಲಿ ಒಂದು, ಅರ್ಕಾವತಿಯ ಕಣಿವೆಯಲ್ಲಿ ಹೊಳೆಯ ಜೊತೆಗೇ ಕೆಳಗಿಳಿಯುವ ಉದ್ದನೆಯದು ಒಂದು. ನೀಲಗಿರಿ ತೋಪಿನ ನಡುವೆ ಗೆರೆ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗುತ್ತದೆ. ಇಲ್ಲೇಕೆ ತಿರುಗಿದ ಎಂದು ಬೈದುಕೊಂಡು ನಾವೂ ತಿರುಗಿದರೆ ಎದುರಿಗೆ ಬಂಡೆ, ಬಂಡೆಯ ಕೆಳಗೆ ತಣ್ಣನೆಯ ನೀರಿನ ದೊಣೆ. ಇನ್ನೊಂದು ಕಡೆ ಗೆರೆ ಒಂದು ಗೋಣಿಮರದ ಸುತ್ತ ಸುಮ್ಮನೆ ಒಂದು ಸುತ್ತು ಹಾಕಿ ಮುಂದೆ ಹೋಗಿದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ನಾವೂ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತೇವೆ. ಹೋದವನು ದಾರಿ ತೋರಿಸುತ್ತಾನೆ, ಇರುವವರು ಮಾತಾಡದೆ ತುಳಿಯುತ್ತಾರೆ. ಮಂಜು ಕವಿದ ಬೆಳಗ್ಗೆ, ಟೈರಿನ ಕೆಳಗೆ ಗರಸು ಮುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲದಾಗ, ಮೈ ಜುಂ ಎನ್ನುತ್ತದೆ ಕಣಮ್ಮ. ನನಗಲ್ಲ, ಉಳಿದವರಿಗೆ.

ಇನ್ನು ಎಣಿಕೆಯ ವಿಷಯ. ಹೊಳೆ ದಾಟಿದ ಮೇಲೆ, ಕಾಡು ಕಳೆದ ಮೇಲೆ ತಲೆ ಎಣಿಸಬೇಕಾದ್ದು ಮುಖಂಡನ ಕೆಲಸ. ಮೊದಲ ಸಲ ಮಂಚನಬೆಲೆಯ ಕೆಳಗೆ ಹೊಳೆ ದಾಟಿ ಎಣಿಸಿದೆ. ಎಂಟು ಬಂತು. "ಅಂಕಲ್, ನಾವು ಇರೋದೇ ಏಳು ಜನ" ಎಂದು ಲೋಹಿತ್ ನಕ್ಕ. ಅವನು ಎಣಿಸಿದ, ಏಳು. ನಾನು ಮತ್ತೆ ಎಣಿಸಿದೆ, ಎಂಟು. ಹೊಳೆ ದಾಟಿ ತಮ್ಮನ್ನೇ ಬಿಟ್ಟು ಎಣಿಸಿಕೊಂಡ ದಡ್ಡರ ಕಥೆ ಕೇಳಿದ್ದೀಯಲ್ಲ, ಅವರಿಗೆ ಒಬ್ಬ ಕಡಿಮೆ ಬಿದ್ದ, ನನಗೆ ಒಬ್ಬ ಹೆಚ್ಚಾದ. ಮುಂದಿನ ವಾರ ಸಾವನದುರ್ಗದಲ್ಲೂ ಎಂಟು. ಯಾರೂ ನಗಲಿಲ್ಲ. ಗುಂಪಿಗೆ ಹೊಸದಾಗಿ ಸೇರಿರುವ ಶ್ರೀರಾಂಪುರದ ಮೀನಾ, ಆಸ್ಪತ್ರೆಯಲ್ಲಿ ನರ್ಸು, ಗಟ್ಟಿ ಎದೆಯ ಹುಡುಗಿ, ಅವಳೇ ಮೆಲ್ಲಗೆ, "ನಿಮ್ಮ ಕಣ್ಣಿಗೆ ಮಾತ್ರ ಕಾಣ್ತಿದಾರೇನೋ ಅಂಕಲ್" ಎಂದಳು. ಇಲ್ಲ ಎನ್ನಬೇಕಿತ್ತು. ನಮ್ಮಲ್ಲಿ ಹೋದವರು ಲಿಂಗೈಕ್ಯರು, ತಿರುಗಿ ಬರುವ ವ್ಯವಸ್ಥೆಯೇ ಇಲ್ಲ, ದೆವ್ವಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ ಎನ್ನಬೇಕಿತ್ತು. ಆದರೆ ನಿನ್ನ ಮಾವನ ನಾಲಿಗೆ ನಿನಗೆ ಗೊತ್ತಲ್ಲ. ಮೀಸೆ ತಿರುವಿ, "ಎಲ್ಲರಿಗೂ ಕಾಣೋದಿಲ್ಲಮ್ಮ, ಅದಕ್ಕೆ ಕಣ್ಣು ಬೇಕು" ಎಂದುಬಿಟ್ಟೆ.

ಅದೇ ಸಂಜೆ ಮನೆಯಲ್ಲೂ ಅದೇ ಜಂಬ ಕೊಚ್ಚಿದೆ. ಅಕ್ಕ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಕೇಳಿದಳು: "ಎಂಟಾ? ಸರಿಯಾಗಿ ನೋಡ್ದೇನೋ ಗಂಗಾ?" ನೋಡಿದೆ ಎಂದೆ. ಮುಂದಿನ ಭಾನುವಾರ ಬೆಳಗಾಗುವ ಮುಂಚೆ ಒಗ್ಗರಣೆಯ ವಾಸನೆಗೆ ನನಗೆ ಎಚ್ಚರವಾಯಿತು. ಎರಡು ವರ್ಷದಿಂದ ಒಲೆ ಮುಂದೆ ಮನಸ್ಸಿಟ್ಟು ನಿಲ್ಲದವಳು ನಿಂಬೆಹಣ್ಣಿನ ಚಿತ್ರಾನ್ನ ಕಲೆಸುತ್ತಿದ್ದಳು. ನನಗೊಂದು ಡಬ್ಬಿ. ಪಕ್ಕದಲ್ಲಿ ಇನ್ನೊಂದು, ಕೈಲಾಸ ಕಾಲೇಜಿಗೆ ಒಯ್ಯುತ್ತಿದ್ದ ಸ್ಟೀಲಿನದು, ಮುಚ್ಚಳ ಸೊಟ್ಟಗಾಗಿರುವುದು. "ಅವನಿಗೆ ಕಡ್ಲೇಬೀಜ ಜಾಸ್ತಿ ಹಾಕಿದೀನಿ, ನೀನು ಮುಟ್ಬೇಡ" ಎಂದಳು.

ಅಂದಿನಿಂದ ಪ್ರತಿ ವಾರ ಆ ಡಬ್ಬಿ ನಮ್ಮ ಜೊತೆ ಕಾಡಿಗೆ ಬರುತ್ತದೆ. ಮೀನಾಳ ಚೀಲ ದೊಡ್ಡದು, ಅವಳೇ ಹೊರುತ್ತಾಳೆ. ಹೊಳೆದಂಡೆಯ ಮತ್ತಿಮರದ ಬುಡದಲ್ಲಿ ಇಟ್ಟು ನಾವು ಸ್ವಲ್ಪ ದೂರ ಹೋಗಿ ಕೂರುತ್ತೇವೆ. ಕೋತಿ ತಿನ್ನುತ್ತದೆ, ಇಲ್ಲದಿದ್ದರೆ ಯಾರೂ ನೋಡದಾಗ ಇನ್ನೊಂದು ಮುದಿ ಕೋತಿ ತಿನ್ನುತ್ತದೆ. ಬರಿದಾದ ಡಬ್ಬಿ ಕಂಡಾಗ ಅಕ್ಕನ ಮುಖ ನೀನು ನೋಡಬೇಕಿತ್ತು. ಭಾನುವಾರ ಸಂಜೆ ಬಾಗಿಲಲ್ಲೇ ನಿಂತಿರುತ್ತಾಳೆ. ನನ್ನನ್ನು ಹೇಗಿದ್ದೀಯ ಎಂದು ಕೇಳುವುದಿಲ್ಲ. "ಎಷ್ಟು?" ಎನ್ನುತ್ತಾಳೆ. ನಾನು "ಎಂಟು" ಎನ್ನುತ್ತೇನೆ. ಆಮೇಲೆ ಅವಳಿಗೆ ಊಟ ಸೇರುತ್ತದೆ.

ಈಗ ಒಂದು ಸಣ್ಣ ವ್ಯತ್ಯಾಸದ ಬಗ್ಗೆ ಹೇಳಬೇಕು. ದೊಡ್ಡದೇನಲ್ಲ, ಗಾಬರಿಯಾಗಬೇಡ. ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ಅರ್ಕಾವತಿಯ ಉದ್ದನೆಯ ಗೆರೆ ಹಿಡಿದಿದ್ದೆವು. ಕನಕಪುರ ದಾಟಿದ ಮೇಲೆ ಕಾಡಿನ ಮಗ್ಗುಲಲ್ಲಿ ಆನೆ ಕಂದಕದ ಪಕ್ಕದ ಬಂಡಿಜಾಡು, ಆಮೇಲೆ ಹೊಳೆ. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಮಂಜು. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ದಾಟಿದೆವು. ಆಚೆ ದಡದಲ್ಲಿ ಎಣಿಸಿದೆ. ಏಳು ಬಂತು. ಮತ್ತೆ ಎಣಿಸಿದೆ, ಏಳೇ. "ಇವತ್ತು ಕೈಲಾಸ ಬಂದಿಲ್ಲ" ಎಂದೆ. ಲೋಹಿತ್ ಟೋಪಿ ತೆಗೆದ. ಎಲ್ಲರೂ ಮಂಜಿನಲ್ಲಿ ತಲೆ ತಗ್ಗಿಸಿ ನಿಂತೆವು. ಹಾಗೆಯೇ ಒಬ್ಬರ ಹಿಂದೆ ಒಬ್ಬರು ಹೊರಟು, ಕಾಡು ಕಳೆದು, ಊರ ಮುಂದಿನ ಚಹಾ ಅಂಗಡಿಯಲ್ಲಿ ಇಳಿದೆವು. ಕೈಲಾಸ ಬಾರದಿದ್ದರೂ ಅವನ ಪಾಲು ತೆಗೆದಿಡಬೇಕಲ್ಲ. "ಎಲ್ಲಮ್ಮಾ ಮೀನಾ, ಡಬ್ಬಿ ಕೊಡು" ಎಂದೆ.

ಮೀನಾ ಇರಲಿಲ್ಲ.

ಹೋದವನಿಗಾಗಿ ಟೋಪಿ ತೆಗೆದು ನಿಂತ ನಾವು ಇರುವವಳನ್ನು ಆನೆಕಾಡಿನಲ್ಲಿ ಬಿಟ್ಟು ಬಂದಿದ್ದೆವು. ಹೇಗೆ ವಾಪಸು ತುಳಿದೆನೋ ಗೊತ್ತಿಲ್ಲ. ಅರ್ಧ ದಾರಿಯಲ್ಲಿ ನನ್ನ ಉಸಿರು ಕಟ್ಟಿದಾಗ ಲೋಹಿತ್, "ನೀವು ಇಲ್ಲೇ ಕೂತಿರಿ ಅಂಕಲ್, ನಿಮ್ಮನ್ನೂ ಹುಡುಕೋಕೆ ನನ್ನ ಕೈಲಾಗಲ್ಲ" ಎಂದು ರೇಗಿದ. ಕೂರಲಿಲ್ಲ. ಹೊಳೆಯನ್ನು ಮತ್ತೆ ದಾಟಿ ಬಂದರೆ, ಬಂಡಿಜಾಡಿನ ಮೇಲೆ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಮೀನಾಳ ಚಕ್ರದ ಗುರುತು ಅಲ್ಲಿಯವರೆಗೆ ಬಂದು, ಲದ್ದಿಗೆ ಸ್ವಲ್ಪ ಮುಂಚೆ, ಜಾಡು ಬಿಟ್ಟು ಎಡಕ್ಕೆ ಪೊದೆಗಳೊಳಗೆ ಇಳಿದಿತ್ತು. ಹಿಂಬಾಲಿಸಿ ಹೋದರೆ ಹೊಳೆಯ ನಡುವಿನ ಎತ್ತರದ ಬಂಡೆಯ ಮೇಲೆ ಕೂತಿದ್ದಾಳೆ. ಹಿಂದಿನ ಗೇರಿನ ಕೊಕ್ಕೆ ಮುರಿದು ಚಕ್ರಕ್ಕೆ ಸಿಕ್ಕಿಕೊಂಡ ಸೈಕಲ್ಲು ಪಕ್ಕದಲ್ಲಿ. ತೊಡೆಯ ಮೇಲೆ ಕೈಲಾಸನ ಡಬ್ಬಿ, ಒಂದು ಅಗಳೂ ಇಲ್ಲದಂತೆ ಬೆರಳಲ್ಲಿ ಬಳಿದದ್ದು.

ಅತ್ತಿರಲಿಲ್ಲ. ನಮ್ಮನ್ನು ಕಂಡು ಬೈದಳು, ಬೈಸಿಕೊಂಡೆ. ಆಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ನೀವು ಮುಂದೆ ಬೆಲ್ ಮಾಡ್ತಾನೇ ಇದ್ರಲ್ಲ ಅಂಕಲ್, ಅದನ್ನೇ ಹಿಡ್ಕೊಂಡು ಸೈಕಲ್ ತಳ್ತಾ ಬಂದೆ. ಜಾಡು ಬಿಟ್ಟು ಪೊದೆ ಕಡೆ ಹೋಯ್ತು, ನಾನೂ ಹೋದೆ. ಬಂಡೆ ಹತ್ತಿರ ನಿಂತೋಯ್ತು." ನಾವು ಯಾರೂ ಬೆಲ್ ಇಟ್ಟುಕೊಳ್ಳುವುದಿಲ್ಲ. ಎಂಥ ಬೆಲ್ಲು ಎಂದು ಕೇಳಿದೆ. "ಹಳೇ ಕಾಲದ್ದು. ಒಂದು ಸಲ ಪೂರ್ತಿ ಬಡಿಯತ್ತೆ, ಎರಡನೇದು ಅರ್ಧಕ್ಕೇ ಸಿಕ್ಕಾಕೊಳ್ಳತ್ತೆ" ಎಂದಳು.

ಶರಣ್ಯಾ, ನಮ್ಮೂರ ಅಂಚೆ ಅಪ್ಪಯ್ಯನ ಸೈಕಲ್ಲಿನಿಂದ ಬಿಚ್ಚಿ ನಾನೇ ಕೈಲಾಸನಿಗೆ ಕೊಟ್ಟ ಹಿತ್ತಾಳೆ ಬೆಲ್ಲು ಅದು. ಒಳಗಿನ ಸ್ಪ್ರಿಂಗು ಸೋತು ಎರಡನೆಯ ಸದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಮೀನಾ ಗುಂಪಿಗೆ ಸೇರಿದ್ದು ಹೋದ ಸಂಕ್ರಾಂತಿಯ ನಂತರ, ಅದನ್ನು ಅವಳು ಕೇಳಿದವಳಲ್ಲ. ಅದು ಈಗ ಬೀದರಿನಲ್ಲಿ, ನಿನ್ನ ಬೀರುವಿನಲ್ಲಿ ಇದೆ ಎಂದು ನಿನ್ನ ಅಮ್ಮನಿಗೆ ಗೊತ್ತಿಲ್ಲ, ನನಗೆ ಗೊತ್ತು.

ಎಣಿಕೆಗೆ ಮಾತ್ರ ಉತ್ತರ ಸಿಕ್ಕಿತು. ಮಾರನೆಯ ದಿನ ಗೋದಾಮಿನಲ್ಲಿ ಸೋನಾಮಸೂರಿ ಇಳಿಸಿಕೊಳ್ಳುತ್ತಿದ್ದೆ. ನಮ್ಮ ಪೇಟೆಯ ರೂಢಿ ನಿನಗೆ ಗೊತ್ತು. ಆರಿದ ದೀಪಕ್ಕೂ ದೊಡ್ಡದಾಯಿತು ಎನ್ನುವ ಜನ ನಾವು, ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಒಂದು ಎಂದರೆ ಒಂಟಿ. ಅದಕ್ಕೇ "ಲಾಭ" ಎಂದು ಶುರು ಮಾಡಿ, ಆಮೇಲೆ ಎರಡು, ಮೂರು. ನಾನು ಅಭ್ಯಾಸದಂತೆ ಕಣ್ಣು ಮುಚ್ಚಿ, ಕೈ ಹಣೆಗೆ ಮುಟ್ಟಿಸಿ "ಲಾಭ" ಎಂದೆ. ಮೂಟೆ ದೊಪ್ಪನೆ ನೆಲಕ್ಕೆ ಬಿತ್ತು. ಆ ಸದ್ದಿಗೆ ಕಣ್ಣು ಬಿಟ್ಟೆ. ಇಲ್ಲಿ ಲಾಭ ಎಂದಾಗ ಒಂದು ಮೂಟೆ ಬೀಳುತ್ತದೆ. ಹೊಳೆದಂಡೆಯಲ್ಲಿ ಲಾಭ ಎನ್ನುವಾಗ ನನ್ನ ಕಣ್ಣು ಮುಚ್ಚಿರುತ್ತದೆ, ಬೆರಳು ಹಣೆಯ ಮೇಲಿರುತ್ತದೆ. ಕಣ್ಣು ಬಿಟ್ಟು ಮೊದಲನೆಯವನತ್ತ ಬೆರಳು ಚಾಚುವ ಹೊತ್ತಿಗೆ ಬಾಯಿ "ಎರಡು" ಎನ್ನುತ್ತಿರುತ್ತದೆ. ಕೊನೆಗೆ ನನ್ನನ್ನೂ ಸೇರಿಸಿಕೊಂಡರೆ ಏಳು ಜನಕ್ಕೆ ಎಂಟು. ಮೀನಾ ಇಲ್ಲದ ಆರು ಜನಕ್ಕೆ ಏಳು. ಲಾಭ ಎಂಬ ಆ ಮಾತು ಇಷ್ಟು ವಾರವೂ ಖಾಲಿ ಗರಸಿನ ಮೇಲೆ, ಯಾರೂ ನಿಲ್ಲದ ಜಾಗದಲ್ಲಿ ಬೀಳುತ್ತಿತ್ತು. ನಿನ್ನ ಅಮ್ಮ ಅದಕ್ಕೆ ಅನ್ನ ಕಟ್ಟಿ ಕಳಿಸುತ್ತಿದ್ದಳು.

ಗುಂಪಿನವರಿಗೆ ಹೇಳಿದೆ. ಲೋಹಿತ್, "ಹಾಗಾದ್ರೆ ಇನ್ಮೇಲೆ ನಾನೇ ಎಣಿಸ್ತೀನಿ" ಎಂದ. ಒಪ್ಪಿದೆ. ಮುಖಂಡತನ ಹೋಯಿತು. ಮೀನಾ ಮಾತ್ರ, "ಎಣಿಕೆ ಸರಿ ಅಂಕಲ್, ಬೆಲ್ಲು?" ಎಂದಳು. ಅಕ್ಕನಿಗೆ ಹೇಳಿಲ್ಲ. ಬೆರಳಲ್ಲಿ ಬಳಿದ ಡಬ್ಬಿಯನ್ನು ಅವಳು ಅವತ್ತು ಬೆಳಕಿಗೆ ಹಿಡಿದು ನೋಡಿ, "ಇವತ್ತು ತುಂಬ ಹಸಿದಿದ್ದ ನೋಡು" ಎಂದು ಅಳುತ್ತ ನಕ್ಕಳು. ಅದರ ಮೇಲೆ ಯಾವ ಬಾಯಲ್ಲಿ ಹೇಳಲಿ?

ಸರಿ, ಕಾಗದ ಉದ್ದವಾಯಿತು, ಅಂಗಡಿಗೆ ಗಿರಾಕಿ ಬರುವ ಹೊತ್ತು. ಇವತ್ತು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ, ಬಡವರ ಬಾದಾಮಿ ಒಂದು ಸೇರು ಈ ಕಾಗದದ ಜೊತೆಗೇ ಕೊರಿಯರ್ ಮಾಡುತ್ತಿದ್ದೇನೆ, ಹುರಿದು ತಿನ್ನು. ಬ್ಯಾಂಕಿನ ಗೆಳತಿಯರಿಗೂ ಕೊಡು, ಮಾವ ಬೆಳೆದದ್ದು ಎಂದು ಹೇಳಿದರೂ ಪರವಾಗಿಲ್ಲ. ಬಸವಣ್ಣ ನಿನ್ನ ಬೆನ್ನಿಗಿರಲಿ. ನಿನ್ನ ಹಣೆಯ ವಿಭೂತಿ ಅಳಿಯದಿರಲಿ. ರಾತ್ರಿ ಕಣ್ಣು ಮುಚ್ಚಿದರೆ ನಿದ್ದೆಯೇ ಬರಲಿ, ಬೇರೇನೂ ಬಾರದಿರಲಿ.

ಇಂತಿ ನಿನ್ನ ಸೋದರಮಾವ,
ಗಂಗಾಧರಯ್ಯ
(ಮಾಜಿ ಮುಖಂಡ)

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ, ಕ್ಷಮಿಸು. ನಿನ್ನೆ ಟೆಂಪೋ ಕೆಟ್ಟಿದೆ ಎಂದು ಸುಳ್ಳು ಹೇಳಿ ರೈಡಿಗೆ ಹೋಗಲಿಲ್ಲ. ಅಕ್ಕ ಇಡೀ ದಿನ ಊಟ ಮುಟ್ಟಲಿಲ್ಲ. ಈಗ ಬರುವ ಭಾನುವಾರ ತಾನೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಹೊಳೆದಂಡೆಗೆ ಬರುತ್ತಾಳಂತೆ. "ನೀನು ಎಣಿಸೋದನ್ನ ನನ್ನ ಕಿವಿಯಾರೆ ಕೇಳ್ಬೇಕು ಕಣೋ ಗಂಗಾ" ಎಂದಿದ್ದಾಳೆ. ಅವತ್ತೊಂದು ದಿನ ನಾನೇ ಎಣಿಸುತ್ತೇನೆಂದು ಲೋಹಿತನ ಕೈಕಾಲು ಹಿಡಿದಿದ್ದೇನೆ. ಆದರೆ ಅವಳ ಮುಂದೆ ನಿಂತು ಲಾಭ ಎನ್ನಲು ಇನ್ನು ನನ್ನಿಂದಾಗದು. ಏಳು ಎನ್ನಲೂ ಆಗದು. ನೀನು ಶನಿವಾರ ರಾತ್ರಿಯೊಳಗೆ ಬಾ. ನಿನ್ನ ಸೈಕಲ್ಲಿಗೆ ಗಾಳಿ ಇದೆ, ಚೈನಿಗೆ ಎಣ್ಣೆ ಹಾಕಿಸಿದ್ದೇನೆ. ಬೆಲ್ಲನ್ನೂ ತಾ. ನೀನು ಸಾಲಿನ ಕೊನೆಯಲ್ಲಿ ನಿಲ್ಲು. ನಾನು ಕಣ್ಣು ಬಿಟ್ಟುಕೊಂಡು ಎಣಿಸುತ್ತೇನೆ, ಎಂಟಕ್ಕೆ ಬೆರಳು ನಿನ್ನ ಮೇಲೆ ಬರುತ್ತದೆ. ಅಕ್ಕ ನೋಡಲಿ. ಆಮೇಲೆ ಡಬ್ಬಿ ಯಾರಿಗೆ ಕೊಡುತ್ತಾಳೋ ಅವಳಿಗೆ ಬಿಟ್ಟದ್ದು.

ಕೈಲಾಸನನ್ನು ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನರ ಮುಂದೆ ನಾನು, "ನಮಗೇನೂ ನಷ್ಟವಿಲ್ಲ, ಹುಡುಗ ಶಿವನ ಪಾದ ಸೇರಿದ" ಎಂದು ಎದೆ ಸೆಟೆಸಿ ಹೇಳಿದ್ದೆ. ನೀನು ಎದ್ದು ಬಂದು, "ನಷ್ಟ ಇಲ್ವಾ ಮಾವ? ಎಷ್ಟು ಹೋಯ್ತು ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ" ಎಂದೆ. ನಾನು ಹೇಳಲಿಲ್ಲ, ನೀನು ಬೀದರಿಗೆ ವರ್ಗ ಕೇಳಿಕೊಂಡು ಹೋದೆ. ಮೂವತ್ತೆಂಟು ವರ್ಷದ ವ್ಯಾಪಾರದಲ್ಲಿ ಬಾಯಿಗೆ ತಾರದ ಲೆಕ್ಕ, ಈಗ ಬರೆಯುತ್ತೇನೆ.

ಒಂದು.